ತಾಯಿ ಹೇಳದ ಮಾತು

ತುಂಗಭದ್ರೆಯ ದಡದಲ್ಲೊಂದು ಪುಟ್ಟ ಆಶ್ರಮ. ಅಲ್ಲಿ ಸಿದ್ಧವ್ವ ತಾಯಿ ಸಂಜೆ ಆಡಿದ ಮಾತುಗಳನ್ನು ಅವರ ಶಿಷ್ಯ ಕೊಟ್ರೇಶ ಬ್ಲಾಗಿನಲ್ಲಿ ಬರೆದು ಹಾಕುತ್ತಿದ್ದ. ದೂರದೂರದ ಊರಿನವರು ಓದುತ್ತಿದ್ದರು.

ಒಂದು ಬೆಳಿಗ್ಗೆ ತಾಯಿ ಅವನ ಹಿಂದೆ ನಿಂತು ಪರದೆ ನೋಡಿದರು.

“ಆ ಕೆಂಪು ಗುರುತು ಏನಪ್ಪಾ?”

“ಬ್ಲಾಗಿಗೆ ಅಪ್‌ಡೇಟ್ ಬಂದಿದೆಯಂತೆ, ತಾಯಿ. ತಂತ್ರಾಂಶದಲ್ಲಿ ಎಲ್ಲೋ ಬಿರುಕಿದೆ, ಕಳ್ಳರು ನುಗ್ತಾರೆ, ಬೇಗ ಮುಚ್ಚಿ ಅಂತ ಪ್ರಾಣ ತಿನ್ನುತ್ತೆ.”

“ಮುಚ್ಚು ಮತ್ತೆ.”

“ಹೋದ ಸಲ ಮುಚ್ಚೋಕೆ ಹೋಗಿ ಪುಟವೆಲ್ಲ ಚೆಲ್ಲಾಪಿಲ್ಲಿ ಆಯ್ತು. ಅಕ್ಷರ ಒಂದು ಕಡೆ, ಚಿತ್ರ ಇನ್ನೊಂದು ಕಡೆ. ಸರಿಮಾಡೋ ಹೊತ್ತಿಗೆ ಸಾಕುಸಾಕಾಯ್ತು. ನಾನು ನಿಮ್ಮ ಮಾತು ಬರೆಯಲೋ, ಇದರ ಸೇವೆ ಮಾಡಲೋ? ನಮ್ಮ ಹತ್ತಿರ ಕದಿಯೋಕೆ ತಾನೆ ಏನಿದೆ?”

ತಾಯಿ ಹೊಳೆಯ ಕಡೆ ನಡೆದರು.

ಕೊಟ್ರೇಶ ಆ ಸೂಚನೆಯನ್ನು ಪಕ್ಕಕ್ಕೆ ಸರಿಸಿದ. ಮರುದಿನವೂ ಸರಿಸಿದ. ಬರಬರುತ್ತಾ ಅದು ಅವನ ಕಣ್ಣಿಗೆ ಬೀಳುವುದೇ ನಿಂತುಹೋಯಿತು.

ಒಂದು ದಿನ ಹರಿಹರದಿಂದ ಫೋನು ಬಂತು. ಆಶ್ರಮಕ್ಕೆ ನಡೆದುಕೊಳ್ಳುತ್ತಿದ್ದ ಬಸಲಿಂಗಮ್ಮನ ಮಗಳು ಅಳುತ್ತಾ ಕೂಗಾಡಿದಳು.

“ಮಾತ್ರೆ ಬಿಡಿ ಅಂತ ಬರೀತೀರಲ್ಲ, ನಿಮಗೆ ಬುದ್ಧಿ ಇದೆಯಾ? ಅದನ್ನೋದಿ ನಮ್ಮವ್ವ ಸಕ್ಕರೆ ಕಾಯಿಲೆ ಮಾತ್ರೆ ನಿಲ್ಲಿಸಿದಳು. ಈಗ ಆಸ್ಪತ್ರೆಯಲ್ಲಿ ಬಿದ್ದಿದ್ದಾಳೆ!”

ಕೊಟ್ರೇಶ ಬ್ಲಾಗನ್ನು ತಡಕಾಡಿದ. ಎಂದೋ ಹಾಕಿದ್ದ ಹಳೆಯ ಬರಹದ ನಡುವೆ, ತಾನು ಬರೆಯದ ಸಾಲುಗಳು ಕಂಡವು. ಮಾತ್ರೆ ಬಿಡಿ, ಈ ಪುಡಿ ತರಿಸಿಕೊಳ್ಳಿ. ಕೆಳಗೆ ತಾಯಿಯ ಹೆಸರು. ಪಕ್ಕದಲ್ಲಿ ತಾಯಿಯ ನಗುಮುಖ.

ಓಡಿಹೋಗಿ ತಾಯಿಗೆ ವಿಷಯ ತಿಳಿಸಿದ. ಬ್ಲಾಗನ್ನೇ ನಿಲ್ಲಿಸಿ, ತಾಯಿಯ ಹಿಂದೆ ಹರಿಹರದ ಬಸ್ಸು ಹತ್ತಿದ.

ಆಸ್ಪತ್ರೆಯಲ್ಲಿ ಬಸಲಿಂಗಮ್ಮನಿಗೆ ಎಚ್ಚರ ಬಂದಿತ್ತು. ತಾಯಿಯನ್ನು ಕಂಡು ಕೈ ಮುಗಿದಳು.

“ನೀವು ಹೇಳಿದ್ರಲ್ಲ ತಾಯಿ. ಅದಕ್ಕೇ ಡಾಕ್ಟ್ರನ್ನೂ ಕೇಳಲಿಲ್ಲ.”

“ಅವ್ವಾ, ಅದು ತಾಯಿ ಬರೆದದ್ದಲ್ಲ,” ಕೊಟ್ರೇಶ ಮುಂದೆ ಬಂದ. “ಯಾರೋ ಕಳ್ಳರು ಬ್ಲಾಗಿನೊಳಗೆ ನುಗ್ಗಿ...”

ತಾಯಿ ಕೈಯೆತ್ತಿ ಅವನ ಬಾಯಿ ಮುಚ್ಚಿಸಿದರು. ಬಗ್ಗಿ ಬಸಲಿಂಗಮ್ಮನ ಪಾದ ಮುಟ್ಟಿದರು.

“ತಪ್ಪಾಯ್ತವ್ವಾ. ಆ ಮಾತು ನನ್ನದಲ್ಲ. ಡಾಕ್ಟ್ರು ಹೇಳಿದಂಗೆ ಕೇಳು.”

ಮುದುಕಿ ಗಾಬರಿಯಿಂದ ಕಾಲು ಎಳೆದುಕೊಂಡಳು. ಕೊಟ್ರೇಶನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವಾಪಸು ಬರುವಾಗ ಅವನಿಗೆ ತಡೆಯಲಾಗಲಿಲ್ಲ.

“ಬರೆದವನು ಯಾವನೋ ಕಳ್ಳ. ನೀವ್ಯಾಕೆ ಕಾಲು ಮುಟ್ಟಿದ್ರಿ, ತಾಯಿ?”

“ಆ ಕಳ್ಳನ ಕೈಗೆ ನನ್ನ ಹೆಸರು ಸಿಕ್ಕಿತ್ತಲ್ಲೋ. ಕೊಟ್ಟೋರು ಯಾರು?”

ಆಶ್ರಮ ಮುಟ್ಟಿದವನೇ ಕೊಟ್ರೇಶ ಪರದೆಯ ಮುಂದೆ ಕೂತ.

ಒಂದೊಂದೇ ಬರಹ ತೆಗೆದು, ಕಳ್ಳರು ಸೇರಿಸಿದ ಸಾಲುಗಳನ್ನು ಸೋಸಿ ತೆಗೆದ. ಅಪ್‌ಡೇಟ್ ಹಾಕಿದ. ಅಂಜಿದಂತೆಯೇ ಪುಟಗಳು ಚೆಲ್ಲಾಪಿಲ್ಲಿಯಾದವು. ಹಲ್ಲು ಕಚ್ಚಿ ಜೋಡಿಸಿ, ಬ್ಲಾಗನ್ನು ಮತ್ತೆ ತೆರೆದ. ಎಲ್ಲ ಬರಹಗಳಿಗಿಂತ ಮೇಲೆ, ಆದದ್ದನ್ನು ಮುಚ್ಚಿಡದೆ ಬರೆದು ಓದುಗರ ಕ್ಷಮೆ ಕೇಳಿದ. ಬಸಲಿಂಗಮ್ಮ ಮನೆಗೆ ಬಂದಳೆಂಬ ಸುದ್ದಿ ಕೇಳಿದ ದಿನ ಹೊಟ್ಟೆ ತುಂಬ ಉಂಡ.

ಒಂದು ವಾರವೂ ಆಗಿರಲಿಲ್ಲ. ಪರದೆಯ ಮೇಲೆ ಮತ್ತೆ ಕೆಂಪು ಗುರುತು.

ಅವನು ಕುರ್ಚಿ ತಳ್ಳಿ ಎದ್ದು, ಸೊಪ್ಪು ಬಿಡಿಸುತ್ತಿದ್ದ ತಾಯಿಯ ಮುಂದೆ ಬಂದು ನಿಂತ.

“ಮೊನ್ನೆ ತಾನೆ ಮುಚ್ಚಿದೆ, ತಾಯಿ! ಈಗ ಇನ್ನೊಂದು ಬಿರುಕಂತೆ! ಇದನ್ನು ಮುಚ್ಚಿದರೆ ನಾಳೆ ಮತ್ತೊಂದು. ನನಗೆ ರೋಸಿಹೋಗಿದೆ. ಇದು ಮುಗಿಯೋದು ಯಾವತ್ತು?”

ತಾಯಿ ಸೊಪ್ಪಿನಿಂದ ತಲೆ ಎತ್ತಲಿಲ್ಲ.

“ನಮ್ಮನ್ನು ನಂಬೋರು ಒಬ್ಬರೂ ಉಳಿಯದ ದಿನ.”