ತಗಡು ಹೊಟ್ಟೆಯ ಗಿಟಾರೂ ನಿಂಗಾಜಿಯ ಕೊನೇ ಮಾತೂ

ಒಂದಾನೊಂದು ಊರಿನಲ್ಲಿ, ಅದು ನಿಮ್ಮೂರೂ ಅಲ್ಲ, ನಮ್ಮೂರೂ ಅಲ್ಲ, ಕೈ ಅಡ್ಡ ಹಿಡಿದರೆ ಬಸ್ಸಿನವನು ಹೆದರಿ ಇನ್ನೂ ಜೋರಾಗಿ ಓಡಿಸುವಂಥ ಊರು, ಆ ಊರಿನಲ್ಲಿ ಹುಚ್ಚೀರಮ್ಮ ಅನ್ನುವ ಅತ್ತೆ ಇದ್ದಳು. ನಿಂಗಾಜಿ ಅನ್ನುವ ಸೊಸೆ ಇದ್ದಳು. ಅತ್ತೆ ಸೊಸೆ ಇದ್ದ ಮೇಲೆ ಜಗಳವೂ ಇತ್ತು ಅಂತ ಬೇರೆ ಹೇಳಬೇಕೇ? ಬೆಳಗ್ಗೆ ಅವರ ಜಗಳ ಕೇಳಿದ ಮೇಲೇ ಆ ಊರಿನ ಕೋಳಿಗೆ ಎಚ್ಚರವಾಗುತ್ತಿತ್ತು.

ಜಗಳ ಯಾತಕ್ಕೆ? ಹೊಲಕ್ಕಲ್ಲ, ಒಡವೆಗಲ್ಲ. ಕೊನೇ ಮಾತು ಯಾರದು ಅನ್ನುವುದಕ್ಕೆ. ನಿಂಗಾಜಿ ಒಂದು ಅಂದರೆ ಹುಚ್ಚೀರಮ್ಮ ಒಂದು ಅನ್ನುವಳು. ನಿಂಗಾಜಿ ಇನ್ನೊಂದು ಅಂದರೆ ಹುಚ್ಚೀರಮ್ಮ ಮತ್ತೊಂದು ಅನ್ನುವಳು. ನಿದ್ದೆ ಹತ್ತಿದರೂ ಮುದುಕಿ ಕನಸಿನಲ್ಲೇ "ಊಹೂಂ" ಅಂದುಬಿಡುವಳು. ಹಾಗಾಗಿ ಕೊನೇ ಮಾತು ಯಾವತ್ತೂ ಅತ್ತೆಯದೇ. ಮಗ ಸಣ್ಣೇಗೌಡ ಮದುವೆಯಾದ ವಾರಕ್ಕೇ ಅಟ್ಟ ಹತ್ತಿದವನು ಇಳಿದಿರಲಿಲ್ಲ. ಅನ್ನ ಸಾರನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದುಕೊಳ್ಳುತ್ತಿದ್ದ.

ಒಂದು ದಿನ ಹುಚ್ಚೀರಮ್ಮ ತಟ್ಟೆಯ ಮುಂದೆ ಕೂತು, "ಮುದ್ದೆ ಗಂಟು ಗಂಟು" ಅಂದಳು.

"ಗಂಟೆಲ್ಲೈತೆ? ಬಾಯ್ ಮುಚ್ಕಂಡು ಉಣ್ಣಿ ಅತ್ತೆಮ್ಮ" ಅಂದಳು ನಿಂಗಾಜಿ.

ಹುಚ್ಚೀರಮ್ಮ ಬಾಯಿ ಮುಚ್ಚಿದಳು.

ನಿಂಗಾಜಿ ಎದುರುಮಾತಿಗೆ ಕಾದಳು. ಪಾತ್ರೆ ತೊಳೆಯುತ್ತಾ ಕಾದಳು. ಒಲೆ ಸಾರಿಸುತ್ತಾ ಕಾದಳು. ಮಾತಿಲ್ಲ. ತಿರುಗಿ ನೋಡಿದರೆ, ಅಯ್ಯಯ್ಯೋ, ಮುದುಕಿ ಕೂತಲ್ಲೇ ಹೋಗಿಬಿಟ್ಟಿದ್ದಾಳೆ! ಮನೆಗೆ ಬಂದಾಗಿನಿಂದ ಸೊಸೆಯ ಒಂದು ಮಾತನ್ನೂ ಕೇಳದವಳು ಅವತ್ತೊಂದು ದಿನ ಕೇಳಿಬಿಟ್ಟಿದ್ದಾಳೆ. ಕೊನೇ ಮಾತು ನಿಂಗಾಜಿಗೇ ಸಿಕ್ಕಿತ್ತು. ಸಿಕ್ಕಿ ಗಂಟಲಲ್ಲೇ ನಿಂತಿತ್ತು. ಅಳು ಬರಲಿಲ್ಲ, ಅನ್ನ ಇಳಿಯಲಿಲ್ಲ. ಊರ ಹೆಂಗಸರು ಬಂದು, "ಗೆದ್ದೆ ಬುಡವ್ವ" ಅಂತ ಬೆನ್ನು ತಟ್ಟಿ ಹೋದರು.

ತಿಥಿ ಬಂತು. ಎಡೆ ಇಟ್ಟರು. ಕಾಗೆ ಬಂತು. ಕಾಗೆ ಉಂಡರೆ ಸತ್ತವರ ಹೊಟ್ಟೆ ತುಂಬಿತು, ಉಣ್ಣದಿದ್ದರೆ ಸತ್ತವರು ಉಪವಾಸ, ಇದು ಎಲ್ಲರಿಗೂ ಗೊತ್ತು. ಆ ಕಾಗೆ ಎಡೆಯ ಸುತ್ತ ಒಂದು ಸುತ್ತು ಬಂದು ಕೊಕ್ಕು ಬಿಗಿಯಾಗಿ ಮುಚ್ಚಿಕೊಂಡು ಕೂತಿತು.

"ಉಣ್ಣವ್ವ, ಮನೇನ ಚೆಂದಾಗಿ ನೋಡ್ಕತೀನಿ" ಅಂತ ಸಣ್ಣೇಗೌಡ ಅಟ್ಟದಿಂದ ಇಳಿದು ಬಂದು ಕೈ ಮುಗಿದ. ಕಾಗೆ ಉಣ್ಣಲಿಲ್ಲ.

"ಯಾಕೆ ಉಣ್ಣಲ್ಲ?" ಅಂದಳು ನಿಂಗಾಜಿ.

ಕಾಗೆ ಕೊಕ್ಕು ತೆಗೆಯದೆ ಮೂಗಿನಲ್ಲೇ ಹೇಳಿತು. "ಬಾಯ್ ಮುಚ್ಚು ಅಂದ್ರಲ್ಲ, ಮುಚ್ಚಿದೀನಿ. ಮುದುಕಿ ಎದುರುಮಾತು ಬಾಕಿ ಐತೆ. ಅದು ಬರೋವರ್ಗೂ ತೆಗಿಯಾಕಿಲ್ಲ."

ಕಾಗೆ ಮಾತಾಡಿದ್ದು ಕಂಡು ಯಾರಿಗೂ ಆಶ್ಚರ್ಯವಾಗಲಿಲ್ಲ. ಅದು ಹೇಳಿದ್ದು ಕೇಳಿ ಮಾತ್ರ ಎಲ್ಲರೂ ಬೆಚ್ಚಿಬಿದ್ದರು. ಯಾಕೆಂದರೆ ಕಾಗೆ ಉಣ್ಣುವವರೆಗೂ ಯಾರ ಮನೆಯಲ್ಲೂ ಒಲೆ ಹಚ್ಚಬಾರದು ಅನ್ನುವುದು ಆ ಊರಿನ ಕಟ್ಟಳೆ. ಒಲೆ ಇಲ್ಲದಿದ್ದರೆ ಆ ಊರನ್ನಾಳುವ ದೊರೆಗೆ ಕಾಫಿ ಇಲ್ಲ. ಆ ದೊರೆಗೆ ರಾಜ್ಯದಲ್ಲಿ ಬೇರೆ ಕೆಲಸವೇ ಇರಲಿಲ್ಲ. ಬೆಳಗ್ಗೆ ಎದ್ದು ಕಾಫಿಯ ನೊರೆಗೆ ಬೆರಳಿಟ್ಟು ಎತ್ತರ ಅಳೆಯುವುದು, ಸಂಜೆ ಅದನ್ನೇ ನೆನೆದು ಸಂತೋಷಪಡುವುದು. ಖಾಲಿ ಲೋಟ ಹಿಡಿದು ಅವನು ಓಡಿ ಬಂದ.

"ಸಂಜೆಯೊಳಗೆ ಕಾಗೆ ಉಣ್ಣಬೇಕು! ಇಲ್ಲದಿದ್ದರೆ ಊರನ್ನು ಕಾಗೆಗಳಿಗೆ ಬಿಟ್ಟು ನಾವೆಲ್ಲ ಮರ ಹತ್ತತಕ್ಕದ್ದು!"

ಹೇಳಿದ್ದೇ ತಡ, ಮಂತ್ರಿ ಒಳ್ಳೆಯ ಕೊಂಬೆ ಹಿಡಿಯಲು ಓಡಿದ.

ನಿಂಗಾಜಿಗೆ ಊರು ಹೋದರೆ ಹೋಗಲಿ ಅನ್ನಿಸಿತು. ಆದರೆ ಅತ್ತೆ ಉಪವಾಸ ಇದ್ದಾಳಲ್ಲ! ತಾನು ಆಡಿದ ಒಂದು ಮಾತಿಗೆ ಮುದುಕಿ ಎಂದೆಂದಿಗೂ ಬಾಯಿ ಮುಚ್ಚಿಕೊಂಡು ಹಸಿದಿರಬೇಕಲ್ಲ!

"ಸತ್ತವರು ಎದುರುಮಾತು ಆಡೋದು ಹೆಂಗೆ?" ಅಂತ ಕೇಳಿದಳು.

"ತಗಡು ಹೊಟ್ಟೆ ಗಿಟಾರು ತತ್ತಾ" ಅಂದಿತು ಕಾಗೆ. "ಕರೆಂಟು ತಿನ್ನೋದು. ಬ್ಲೂಸ್ ಹಾಡೋದು."

ನಿಂಗಾಜಿ ಪೇಟೆಗೆ ಓಡಿದಳು. ಪಾಪಣ್ಣಶೆಟ್ಟಿಯ ಅಂಗಡಿಯಲ್ಲಿ ಗಿಟಾರುಗಳು ಸೋರೆಕಾಯಿಗಳ ಹಾಗೆ ನೇತಾಡುತ್ತಿದ್ದವು.

"ಬ್ಲೂಸ್ ಅಂದ್ರೆ ಏನ್ ಶೆಟ್ರೇ?"

"ದುಃಖದ ಹಾಡು ತಾಯಿ. ಏಳು ಸಮುದ್ರದಾಚೆ ಹತ್ತಿ ಹೊಲದಲ್ಲಿ ಬೆನ್ನು ಮುರಿದುಕೊಂಡವರು ಕಟ್ಟಿದ್ದು. ಒಂದು ಸಾಲು ಹೇಳಬೇಕು. ಅದನ್ನೇ ಇನ್ನೊಂದು ಸಲ ಹೇಳಬೇಕು. ಗಿಟಾರು ನಡುನಡುವೆ ಬಾಯಿ ಹಾಕ್ತದೆ."

"ಅದು ಜಗಳ ಅಲ್ವರಾ?" ಅಂದಳು ನಿಂಗಾಜಿ, ಬೆರಗಾಗಿ.

ಗಿಟಾರನ್ನು ಆರಿಸುವುದು ಹೇಗೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮೊದಲನೆಯದರ ಮುಂದೆ ನಿಂತು, "ಏನೇ, ಹಿಂಗೆ ಬೊಜ್ಜು ಬಿಟ್ಕಂಡು ನೇತಾಡ್ತಾ ಇದೀಯ?" ಅಂದಳು. ಅದು ಪೂರಾ ಮರದ್ದು. "ತಪ್ಪಾಯ್ತಮ್ಮ, ನೀವು ಹೇಳಿದ್ದೇ ಸರಿ" ಅಂದಿತು. ಬೇಡ. ಎರಡನೆಯದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದಕ್ಕೂ ಅದನ್ನೇ ಅಂದಳು. "ನೇತಾಡ್ತಾ ಇದೀಯ, ನೇತಾಡ್ತಾ ಇದೀಯ" ಅಂತ ಅವಳ ಮಾತನ್ನೇ ಅವಳಿಗೆ ಒಪ್ಪಿಸಿತು. ಬೇಡವೇ ಬೇಡ. ಮೂರನೆಯದು ಮೂಲೆಯಲ್ಲಿತ್ತು. ಮುಖದ ತುಂಬ ಜರಡಿಯ ಹಾಗೆ ತೂತು. ಹೊಟ್ಟೆಯೊಳಗೆ ತಗಡಿನ ಬಟ್ಟಲು. ಬಾಲದಲ್ಲಿ ವಯರು. ನಿಂಗಾಜಿ ಬೆರಳು ಮುಟ್ಟಿಸಿದಳೋ ಇಲ್ಲವೋ, ಛಟ್ಟನೆ ಮೊಣಕೈವರೆಗೂ ಕರೆಂಟು ಹೊಡೆಯಿತು.

"ಕೈ ತೊಳ್ಕಂಡ್ಯೇನಮ್ಮಿ?" ಅಂದಿತು ಗಿಟಾರು.

ನಿಂಗಾಜಿಯ ಜಡೆ ನೆಟ್ಟಗೆ ನಿಂತಿತು. ಎಷ್ಟೋ ದಿನದ ಮೇಲೆ ಅವಳಿಗೆ ಜೀವ ಬಂದಂತಾಯಿತು.

"ಇದೇ ಇರ್ಲಿ ಶೆಟ್ರೇ. ಏನ್ ಕೊಡ್ಬೇಕು?"

ಪಾಪಣ್ಣಶೆಟ್ಟಿ ತಲೆ ಕೆರೆದುಕೊಂಡ. "ದುಡ್ಡು ಬೇಡ ತಾಯಿ. ಇದನ್ನು ಕೊಂಡವರು ತಮ್ಮ ಕೊನೇ ಮಾತು ಕೊಟ್ಟುಬಿಡಬೇಕು. ಇನ್ನು ಸಾಯೋವರೆಗೂ ಕೊನೇ ಮಾತು ಇದರದೇ."

ನಿಂಗಾಜಿ ಒಂದು ಗಳಿಗೆ ಹೌಹಾರಿದಳು. ಹರೆಯವನ್ನೆಲ್ಲ ಅದಕ್ಕಾಗಿಯೇ ತೇಯ್ದಿದ್ದಳು. ಈಗ ತಾನೇ ಕೈಗೆ ಬಂದಿದೆ. ಗಂಟಲು ಮುಟ್ಟಿಕೊಂಡಳು. ಆ ಮಾತು ಇನ್ನೂ ಅಲ್ಲೇ ಚುಚ್ಚುತ್ತಿತ್ತು. "ಆಗಲಿ" ಅನ್ನಲು ಬಾಯಿ ತೆರೆದಳು.

"ಅದ್ನೂ ನಾನೇ ಅಂತೀನಿ. ಆಗಲಿ" ಅಂದಿತು ಗಿಟಾರು.

ಊರಿಗೆ ಬಂದು ನೋಡಿದರೆ ಅರ್ಧ ಜನ ಮರದ ಮೇಲಿದ್ದಾರೆ. ಕಾಗೆಗಳು ಜಗಲಿಗಳಲ್ಲಿ ಕಾಲು ಚಾಚಿ ಕೂತಿವೆ. ಊರಿಗೆಲ್ಲ ಕರೆಂಟಿನ ಪ್ಲಗ್ಗು ಒಂದೇ, ಅದರಲ್ಲಿ ದೊರೆಯ ಕಾಫಿಬೀಜದ ಮಿಷನ್ನು. ದೊರೆ ಬಿಕ್ಕಿ ಬಿಕ್ಕಿ ಅಳುತ್ತಾ ಮಿಷನ್ನು ಕಿತ್ತು ಗಿಟಾರಿನ ವಯರು ಸಿಕ್ಕಿಸಿದ. ಸಣ್ಣೇಗೌಡ ಅಟ್ಟದ ಮೇಲೆ ಮೈಕಿನ ಹಾರ್ನು ಕಟ್ಟಿದ. ನಿಂಗಾಜಿ ಎಡೆಯ ಮುಂದೆ ಕೂತು ತೊಡೆಯ ಮೇಲೆ ಗಿಟಾರು ಮಲಗಿಸಿಕೊಂಡಳು. ತಂತಿಯ ಮೇಲೆ ಜಾರಿಸಲು ಬೆರಳಿಗೊಂದು ಲೋಹದ ಕೊಳವೆ ಬೇಕಲ್ಲ. ಹಲ್ಲಿಲ್ಲದ ಅತ್ತೆ ಎಲೆ ಅಡಿಕೆ ಕುಟ್ಟುತ್ತಿದ್ದ ಹಿತ್ತಾಳೆ ಕುಟ್ಟಾಣಿಯನ್ನೇ ಬೆರಳಿಗೆ ತೊಟ್ಟಳು.

ಮೊದಲ ಸಲ ತಂತಿಯನ್ನು ಬಲವಾಗಿ ಒತ್ತಿದಳು. ಕಿರ್ರೆಂದಿತು. ಹಟ್ಟಿಯ ಹಸು ಗಾಬರಿಗೆ ಮೊಸರನ್ನೇ ಕರೆಯಿತು.

"ಒತ್ಬ್ಯಾಡ, ಜಾರ್ಸು" ಅಂದಿತು ಗಿಟಾರು. "ನನ್ ತಂತಿ ಎತ್ತರ್ದಲ್ಲಿ ಅವೆ, ಕಾಣಾಕಿಲ್ವ? ಎಲ್ಲಾದ್ನೂ ಅಮುಕ್ತೀಯ. ಅದ್ಕೇ ನಿನ್ ಮುದ್ದೆ ಗಂಟು."

ನಿಂಗಾಜಿ ಕಲ್ಲಾದಳು. ಮುದ್ದೆಯ ಸಂಗತಿ ಅವಳು ಯಾರಿಗೂ ಹೇಳಿರಲಿಲ್ಲ, ಅಂಗಡಿಯಲ್ಲೂ ಹೇಳಿರಲಿಲ್ಲ.

"ಗಂಟೆಲ್ಲಿತ್ತು?" ಅಂತ ಕಿರುಚಿದಳು. ಕಿರುಚಿದ ರಭಸಕ್ಕೆ ಕುಟ್ಟಾಣಿ ತಂತಿಯ ಮೇಲೆ ಸರ್ರನೆ ಜಾರಿತು. ತಗಡಿನ ಬಟ್ಟಲು ನಡುಗಿ ಊಂಯ್ ಅಂತ ಗೋಳಿಟ್ಟಿತು. ಆ ಗೋಳು ಮೈಕಿನಲ್ಲಿ ಹೊರಟು ಊರ ಮೇಲೆಲ್ಲ ಹರಡಿತು. ಮರದ ಮೇಲಿದ್ದವರು ಕೊಂಬೆ ಬಿಗಿಯಾಗಿ ಹಿಡಿದುಕೊಂಡರು. ನಿಂಗಾಜಿಯ ಬಾಯಿಂದ ತಾನಾಗಿ ಹಾಡು ಬಂತು.

"ಬಾಯಿ ಮುಚ್ಚಿ ಉಣ್ಣಿ ಅಂದೆ, ಮುಚ್ಚೇಬಿಟ್ರಲ್ಲ ಅತ್ತೆ,
ಬಾಯಿ ಮುಚ್ಚಿ ಉಣ್ಣಿ ಅಂದೆ, ಮುಚ್ಚೇಬಿಟ್ರಲ್ಲ ಅತ್ತೆ,
ಗೆದ್ದೆ ಅಂತ ತಿರುಗಿ ನೋಡುದ್ರೆ ಸೋತಿದ್ ನಾನೇ ಮತ್ತೆ."

"ಗಂಟಿತ್ತು" ಅಂದಿತು ಗಿಟಾರು.

"ಇರ್ಲಿಲ್ಲ!"

"ಇತ್ತು."

"ಇರ್ಲಿಲ್ಲ ಅತ್ತೆಮ್ಮ!" ಅಂದಳು ನಿಂಗಾಜಿ. ಅತ್ತೆಮ್ಮ ಅಂದವಳೇ ಗೊಳೋ ಅಂತ ಅತ್ತಳು. ಅಷ್ಟು ದಿನ ಬಾರದ ಅಳು ಕೆರೆ ಕೋಡಿ ಬಿದ್ದಂತೆ ಬಂತು. ಅಳುತ್ತಾ ಜಗಳವಾಡಿದಳು, ಜಗಳವಾಡುತ್ತಾ ಕುಟ್ಟಾಣಿ ಜಾರಿಸಿದಳು. ಅವತ್ತು ಬೆನ್ನು ತಟ್ಟಿ ಹೋದ ಹೆಂಗಸರೆಲ್ಲ, ಸೊಸೆ ಅತ್ತೆಗೆ ಹೀಗೂ ಅಳುತ್ತಾಳೆಯೇ ಅಂತ ಕೆನ್ನೆಗೆ ಕೈ ಹಚ್ಚಿ ನಿಂತರು. ಕಾಗೆಗೂ ತಡೆಯಲಾಗಲಿಲ್ಲ. "ಗಂಟು ಇತ್ತು ಕಣವ್ವ, ನಾನೇ ನೋಡಿದೀನಿ!" ಅಂತ ಬಾಯಿ ಬಿಟ್ಟಿತು. ಬಿಟ್ಟ ಬಾಯಿಗೆ ಎದುರಿಗೇ ಅನ್ನವಿತ್ತು. ಉಂಡಿತು.

ಹೋ ಅಂತ ಊರೆಲ್ಲ ಕೂಗಿತು. ಒಲೆಗಳು ಹತ್ತಿದವು. ದೊರೆ ನೊರೆಗೆ ಬೆರಳಿಟ್ಟು ಕಣ್ಣು ಮುಚ್ಚಿದ. ಮಂತ್ರಿ ಮಾತ್ರ ಮರದಿಂದ ಇಳಿಯಲೊಪ್ಪಲಿಲ್ಲ, ಅಲ್ಲಿ ಗಾಳಿ ಚೆನ್ನಾಗಿದೆಯಂತೆ.

ಎಲ್ಲ ಹೋದ ಮೇಲೆ ನಿಂಗಾಜಿ ತಗಡು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಳು. ತಂತಿ ಇನ್ನೂ ಬೆಚ್ಚಗಿತ್ತು. ಮೆಲ್ಲಗೆ, "ಹಂಗನ್ಬಾರ್ದಿತ್ತು ಅತ್ತೆಮ್ಮ, ತಪ್ಪಾಯ್ತು" ಅಂದಳು. ಈಗ ಏನು ಬೈಗುಳ ಬರುತ್ತದೋ ಅಂತ ಹೆಗಲು ಬಿಗಿ ಹಿಡಿದು ಕಾದಳು.

ಗಿಟಾರು ಅಂದಿತು, "ನೀನು ಉಣ್ಣೋಗಮ್ಮಿ. ಆರೋಗ್ತದೆ."

ನಿಂಗಾಜಿಗೆ ಕಾಗೆ ಮಾತಾಡಿದಾಗಲೂ ಆಗದಷ್ಟು, ಕರೆಂಟು ಹೊಡೆದಾಗಲೂ ಆಗದಷ್ಟು ದಿಗ್ಭ್ರಮೆಯಾಯಿತು. ಆ ಮನೆಯಲ್ಲಿ ಉಣ್ಣು ಅಂತ ಅವಳಿಗೆ ಯಾರೂ ಒಂದು ದಿನ ಹೇಳಿರಲಿಲ್ಲ. ಉತ್ತರ ಕೊಡಲು ಬಾಯಿ ತೆರೆದಳು. ಕೊನೇ ಮಾತು ಗಿಟಾರಿನದು, ಕೊಡುವ ಹಾಗಿರಲಿಲ್ಲ. ಎದ್ದು ಹೋಗಿ ಉಂಡಳು.

ಈ ಕತೆಯ ನೀತಿ ಏನಪ್ಪ ಅಂದರೆ, ಗಿಟಾರು ಕೊಳ್ಳುವವರು ಹೊಳಪು ನೋಡಬೇಡಿ, ಬೈದು ನೋಡಿ. ತಿರುಗಿ ಬೈದರೆ ಮನೆಗೆ ತನ್ನಿ. ಕಾಗೆ ಉಂಡು ಹಾರಿಹೋಯಿತು, ನನ್ನ ಕತೆಯೂ ಅದರ ಬೆನ್ನ ಮೇಲೆ ಕೂತು ಹೋಯಿತು. ಕೊನೇ ಮಾತು ನನಗೆ ಬೇಡ, ನೀವೇ ಯಾರಾದರೂ ಏನಾದರೂ ಅನ್ನಿ.