ಒಳಸಾಲು ಓರೆಯಾದ ಹರಳು

“ಗುರುಗಳೇ, ನೀವು ಕೊಟ್ಟ ಸಾಧನೆಯನ್ನು ಹದಿನೆಂಟು ವರ್ಷ ಒಂದು ದಿನವೂ ತಪ್ಪಿಸದೆ ಮಾಡಿದೆ. ನನ್ನ ಸಿಟ್ಟು ಎಳ್ಳಷ್ಟೂ ತಗ್ಗಲಿಲ್ಲ. ನಾನು ಎಲ್ಲಿ ತಪ್ಪಿದೆ?” ಎಂದು ಮರುಳಯ್ಯ ಕೇಳಿದ.

ಅಂದು ದಾಸೋಹದ ಪಂಕ್ತಿಯಲ್ಲಿ ಇನ್ನೊಮ್ಮೆ ಅನ್ನ ಕೇಳಿದ ಮುದುಕಿಯೊಬ್ಬಳನ್ನು ಅವನು ರಟ್ಟೆ ಹಿಡಿದು ಎಬ್ಬಿಸಿ ಕಳಿಸಿದ್ದ. ಆಮೇಲೆ ಈ ಜನ್ಮದಲ್ಲಿ ತಾನು ಮನುಷ್ಯನಾಗುವುದಿಲ್ಲ ಎನ್ನಿಸಿಬಿಟ್ಟಿತ್ತು. ಮನೆ ಬಿಟ್ಟು, ಗೊತ್ತಾಗಿದ್ದ ಮದುವೆ ಬಿಟ್ಟು ಮಠಕ್ಕೆ ಬಂದದ್ದು ಇದಕ್ಕೇನಾ?

ಗುರು ಒಂದು ಕತೆ ಹೇಳಿದರು.

“ಕಣ್ಣಿಗೆ ಕಾಣದ ಕಣಗಳನ್ನು ಊಹೆಗೆ ನಿಲುಕದ ವೇಗದಲ್ಲಿ ಓಡಿಸುವ ಯಂತ್ರಗಳಿವೆ. ಆ ಕಣಗಳ ಧಾರೆಯನ್ನು ತಿರುಗಿಸಲು ಮನೆಯಷ್ಟು ದೊಡ್ಡ ಅಯಸ್ಕಾಂತ ಬೇಕು. ಅದೇ ಕೆಲಸವನ್ನು ಬೆರಳಗಲದ ಹರಳಿನ ಪಟ್ಟಿಯೂ ಮಾಡುತ್ತದೆ. ಹರಳಿನೊಳಗೆ ಪರಮಾಣುಗಳು ಸಾಲುಸಾಲಾಗಿ ನಿಂತಿರುತ್ತವೆ. ಪಟ್ಟಿಯನ್ನು ಒಂದಿಷ್ಟೇ ಬಾಗಿಸಿದರೆ ಸಾಲುಗಳೂ ಬಾಗುತ್ತವೆ. ಸಾಲುಗಳ ನಡುವೆ ಹೊಕ್ಕ ಕಣ ಅವುಗಳ ಜೊತೆಗೇ ತಿರುಗುತ್ತದೆ.

“ಅಂಥ ಹರಳು ಕೊಯ್ಯುವ ಮುದುಕನೊಬ್ಬನಿದ್ದ. ಒಂದು ಪಟ್ಟಿ ಕೊಯ್ದು, ಕೆಲಸ ಕಲಿಯಲು ಬಂದವನ ಕೈಗೆ ಕೊಟ್ಟ. ಬಾಗಿಸಿದರೂ ಮುರಿಯದಷ್ಟು ತೆಳ್ಳಗೆ ಅದನ್ನು ಉಜ್ಜಬೇಕು. ಅವನು ಏಳು ವರ್ಷ ಉಜ್ಜಿದ. ಬೆರಳ ತುದಿಗಳು ಸವೆದವು, ಕಣ್ಣು ಮಂಜಾಯಿತು. ಪಟ್ಟಿ ಮಾತ್ರ ಕನ್ನಡಿಯಾಯಿತು. ಮುದುಕ ದಿನವೂ ನೋಡಿ ಭೇಷ್ ಎನ್ನುತ್ತಿದ್ದ.

“ಕಡೆಗೆ ಪಟ್ಟಿಯನ್ನು ಬಾಗಿಸಿ ಯಂತ್ರದಲ್ಲಿಟ್ಟರು. ಧಾರೆ ತಿರುಗಲಿಲ್ಲ. ಹೇಗೆ ಹೊರಳಿಸಿಟ್ಟರೂ ಅಷ್ಟೆ. ಪರೀಕ್ಷಿಸಿದವನು ಹೇಳಿದ: ‘ಮೇಲೆ ಒಂದು ಗೀರೂ ಇಲ್ಲ. ಒಳಗಿನ ಸಾಲುಗಳೇ ಓರೆ. ಬಾಗು ಮುಗಿಯುವ ಮೊದಲೇ ಪಟ್ಟಿಯ ಪಕ್ಕದಿಂದ ಹೊರಬೀಳುತ್ತವೆ, ಕಣಗಳೂ ಅವುಗಳ ಜೊತೆಗೇ. ಕೊಯ್ಯುವಾಗಲೇ ಕೆಟ್ಟಿದೆ.’

“‘ಇನ್ನೂ ಉಜ್ಜಿದರೆ?’ ಎಂದು ಕಲಿಯಲು ಬಂದವನು ಕೇಳಿದ.

“‘ಎಷ್ಟು ಉಜ್ಜಿದರೂ ಸಾಲು ನೆಟ್ಟಗಾಗುವುದಿಲ್ಲಪ್ಪ.’

“ಆದರೂ ಅವನು ಮುದುಕನನ್ನಲ್ಲ, ತನ್ನ ಕೈಯನ್ನೇ ಬೈದುಕೊಳ್ಳುತ್ತ ಹೊರಗೆ ಹೋದ. ಕೊಯ್ತ ಓರೆಯಾದದ್ದು ಮುದುಕನಿಗೆ ಮೊದಲ ದಿನವೇ ಗೊತ್ತಿತ್ತು. ಹೇಳಿದರೆ ಇವನು ಎದ್ದು ಹೋದಾನು, ಈ ಇಳಿವಯಸ್ಸಿನಲ್ಲಿ ನಾನು ಒಂಟಿಯಾದೇನು ಎಂಬ ದಿಗಿಲಿಗೆ ಬಾಯಿಗೆ ಬೀಗ ಹಾಕಿಕೊಂಡಿದ್ದ.”

“ಎಂಥ ಪಾಪಿ!” ಎಂದ ಮರುಳಯ್ಯ. ಅವನಿಗೆ ಸಿಟ್ಟು ನೆತ್ತಿಗೇರಿತ್ತು. “ಏಳು ವರ್ಷ ಒಬ್ಬನ ಬದುಕು ಸವೆಯುವುದನ್ನು ನೋಡುತ್ತ ಕೂತನಲ್ಲ! ಆಮೇಲಾದರೂ ಬಾಯಿ ಬಿಟ್ಟನೇ?”

ಗುರು ತಲೆ ಎತ್ತಲಿಲ್ಲ.

“ಇವತ್ತು ಬಿಟ್ಟ, ನಿನ್ನ ಎದುರಿಗೆ ಕೂತು.”