ತಾಬು ಕಲಿತ ಕೂಗು

ಬಹಳ ಬಹಳ ಹಿಂದೆ, ಸಮುದ್ರದಾಚೆಯ ಆಫ್ರಿಕಾ ಸೀಮೆಯಲ್ಲಿ, ದಟ್ಟ ಕಾಡಿನ ಮಗ್ಗುಲಿಗೆ ಒಂದು ಊರಿತ್ತಂತೆ. ಅಲ್ಲಿ ತಾಬು ಅಂತ ಒಬ್ಬ ಹೆಂಗಸು. ಸೌದೆಗೆ ಹೋದ ಅವಳ ತಂಗಿಯನ್ನು ಚಿರತೆ ಹೊತ್ತೊಯ್ಯಿತು. ಅವತ್ತು ಮರದ ಮೇಲಿನ ನೀಲಿಕೋತಿಗಳು ಬಹಳ ಹೊತ್ತು ಕೂಗಿದ್ದವು. ಕೇಳಿಯೂ ಅದು ಚಿರತೆಯ ಸುಳಿವೆಂದು ತನಗೆ ತಿಳಿಯಲಿಲ್ಲವಲ್ಲ ಅನ್ನೋ ಸಂಕಟ ತಾಬುವನ್ನು ಬಿಡಲಿಲ್ಲ.

ಅಂದಿನಿಂದ ದಿನಾ ಆ ಕೋತಿಗಳು ಬರುವ ಅತ್ತಿಮರದ ಬುಡಕ್ಕೆ ಹೋಗಿ, ಅವುಗಳ ಕೂಗು ಕೇಳುತ್ತ ಕೂತಳು. ಎರಡು ಮಳೆಗಾಲ ಕೂತಳು ಅಂತಾರೆ. ಏಳು ಅಂತಾರೆ ಇನ್ನು ಕೆಲವರು. ಊರವರು ನಕ್ಕರು, ಅವಳು ಏಳಲಿಲ್ಲ. ಆ ಕೋತಿಗಳು ಹೆಸರಿಗೆ ನೀಲಿ, ಮೈಯೆಲ್ಲ ಬೂದಿ ಬಣ್ಣ, ಹಣೆಗೆ ಬಿಳಿ ಕೂದಲ ಪಟ್ಟಿ. ಹಣ್ಣು ಕಿತ್ತು ಕೆನ್ನೆಯ ಚೀಲಕ್ಕೆ ತುಂಬಿಕೊಳ್ಳುತ್ತಿದ್ದವು. ಹಿಂಡಿಗೆ ದೊಡ್ಡ ಗಂಡು ಒಂದೇ. ಪಕ್ಕದ ಹಿಂಡಿನ ಮೇಲೆ ಜಗಳಕ್ಕೆ ಹೋಗುವುದು ಮಾತ್ರ ಹೆಣ್ಣುಗಳು. ಹದ್ದು ಕಂಡರೆ ಗಂಡು 'ಖಕ್ ಖಕ್' ಅಂತಿತ್ತು, ಎಲ್ಲವೂ ಎಲೆಯ ಮರೆಗೆ ಇಳಿಯುತ್ತಿದ್ದವು. ಚಿರತೆ ಕಂಡರೆ 'ಪ್ಯಾಂವ್, ಪ್ಯಾಂವ್' ಅಂತ ಬಿಟ್ಟು ಬಿಟ್ಟು ಕೂಗುತ್ತಿತ್ತು. ಅಡಗಿದ್ದು ಬಯಲಾದ ಚಿರತೆ ಎದ್ದು ಹೋಗುತ್ತಿತ್ತು.

ಒಂದು ವರ್ಷ ಕೋತಿಗಳು ಮುಸುಕಿನ ಜೋಳಕ್ಕೆ ನುಗ್ಗಿದವು. ಊರ ಹಿರಿಯ ಕಿಬ್ವಾನ ಬಲೆ ಹಾಕಿ ಹಿಂಡನ್ನೇ ಮುಗಿಸೋಣ ಅಂದ. ತಾಬು ಕೈಮುಗಿದು ಬೇಡ ಅಂದಳು. ಯಾರೂ ಕೇಳಲಿಲ್ಲ. ಗಂಡಸರು ಬಲೆ ಹೊತ್ತು ನಡೆದರು, ಅವಳೂ ಹಿಂದೆ ಹೋದಳು.

ಅತ್ತಿಮರದ ಹತ್ತಿರ ಗಂಡುಕೋತಿ ಕೂಗಿತು: ಪ್ಯಾಂವ್! ಪ್ಯಾಂವ್!

ತಾಬು ಓಡಿಹೋಗಿ ಕಿಬ್ವಾನನ ತೋಳು ಹಿಡಿದಳು. "ಅಣ್ಣಾ, ನಿಲ್ಲು! ಮುಂದೆ ಚಿರತೆ ಇದೆ."

"ನಮ್ಮನ್ನ ಕಂಡು ಕೂಗ್ತಿದೆ ಕಣೇ, ಬಿಡು."

"ಬಲೆ ಹಿಡಿದವರನ್ನ ಕಂಡರೆ ಅವು ಸದ್ದಿಲ್ಲದೆ ಓಡಿಹೋಗ್ತಾವೆ. ಅದರ ಕಣ್ಣು ನೋಡು, ಆ ಪೊದೆ ಬಿಟ್ಟು ಕದಲುತ್ತಿಲ್ಲ."

ಕಿಬ್ವಾನ ಸಿಟ್ಟಿನಿಂದಲೇ ಒಂದು ಕಲ್ಲು ಬೀಸಿದ. ಹತ್ತು ಹೆಜ್ಜೆ ಆಚೆಯ ಪೊದೆ ಸೀಳಿಕೊಂಡು ಚಿರತೆ ಎದ್ದಿತು. ಒಮ್ಮೆ ಎಲ್ಲರನ್ನೂ ನೋಡಿ ಕಾಡಿನೊಳಗೆ ಹೋಯಿತು. ಕಿಬ್ವಾನ ತಾಬುವಿನ ಕಡೆ ತಿರುಗಿದ. "ಇಷ್ಟು ದಿನ ಕೂತು ಇದನ್ನ ಕಲಿತೆಯೇನೇ ತಂಗಿ?" ಅಂದ. ತಾಬು ಅಳುತ್ತಿದ್ದಳು. ಬಲೆಗಳನ್ನು ಹಾಗೇ ಹೊತ್ತು ಎಲ್ಲರೂ ಮನೆಗೆ ಬಂದರು.

ಆಮೇಲೆ ಊರ ಮಕ್ಕಳಿಗೆಲ್ಲ ಆ ಎರಡು ಕೂಗು ಕಲಿಸಿದಳು. ಕಡೆಗಾಲಕ್ಕೆ ಕೋತಿಗಳು ಅವಳನ್ನು ಹೆಸರಿಟ್ಟು ಕರೆಯುತ್ತಿದ್ದವು ಅಂತಲೂ ಹೇಳುತ್ತಾರೆ.

ಈಗಲೂ ಆ ಊರಿನ ಹೊಲಗಳಲ್ಲಿ ಕಾಡಂಚಿನ ಒಂದು ಸಾಲು ಜೋಳವನ್ನು ಯಾರೂ ಮುರಿಯುವುದಿಲ್ಲ, ಕೋತಿಗಳಿಗೆ ಬಿಡುತ್ತಾರೆ. ಬರ ಬಂದ ವರ್ಷವೂ ಮುರಿಯುವುದಿಲ್ಲ. ಆ ಸಾಲಿಗೆ ತಾಬುವಿನ ತಂಗಿಯ ಪಾಲು ಅಂತಾರೆ.